ಸಸ್ಪೆನ್ಷನ್ ಲಿಫ್ಟ್: ಎತ್ತರಿಸಿದ ಎಸ್‌ಯುವಿಗಳು ಮತ್ತು ಅವುಗಳ ಸವೆತ

ಸಸ್ಪೆನ್ಷನ್ ಲಿಫ್ಟ್ ಎಂದರೆ ವಾಹನದ ಚಾಸಿ ಮತ್ತು ಬಾಡಿ ಕಾರ್ಖಾನೆ ಕೊಟ್ಟ ಎತ್ತರಕ್ಕಿಂತ ಮೇಲೆ ನಿಲ್ಲುವಂತೆ ಸ್ಪ್ರಿಂಗ್, ಪಾಟಾ (ಲೀಫ್ ಸ್ಪ್ರಿಂಗ್), ಶಾಕ್ ಅಬ್ಸಾರ್ಬರ್‌ಗಳನ್ನು ಬದಲಿಸುವುದು, ಇಲ್ಲವೇ ಅವುಗಳ ಜೊತೆಗೆ ಬಿಲ್ಲೆ, ದಿಮ್ಮಿಗಳನ್ನು ಸೇರಿಸುವುದು. ಥಾರ್, ಬೊಲೆರೊ, ಸ್ಕಾರ್ಪಿಯೊ, ಜಿಮ್ನಿ, ಫಾರ್ಚುನರ್‌ಗಳಂಥ ಗಾಡಿಗಳಿಗೆ ಸಾಮಾನ್ಯವಾಗಿ 25ರಿಂದ 75 ಮಿ.ಮೀ. ವರೆಗೆ ಹೀಗೆ ಎತ್ತರ ಕೊಡಿಸುತ್ತಾರೆ. ಗ್ಯಾರೇಜಿನ ಮಾತಿನಲ್ಲಿ ಇದು ‘ಗಾಡಿ ಎತ್ತಿಸೋದು’. ಎತ್ತರ ಒಂದು ಜಾಗದಿಂದ ಬರುತ್ತದೆ, ಆದರೆ ಅದರ ಬಾಕಿ ತೀರಿಸುವುದು ಬೇರೆ ಭಾಗಗಳು. ಗಾಡಿ ಏರಿದಾಗ ಯಾವ ಯಾವ ಕೀಲಿನ ಕೋನ ಬದಲಾಯಿತೋ ಆ ಕೀಲುಗಳೆಲ್ಲ ತಮ್ಮ ಸರದಿಯಂತೆ ಸವೆಯುತ್ತವೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ನೆಲ, ರಸ್ತೆ ಮತ್ತು ಹೊರೆಯನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ನೋಡಲಾಗಿದೆ.

ನೆಲ, ರಸ್ತೆ, ಹೊರೆ

ಹಾವೇರಿ ಜಿಲ್ಲೆಯ ಪಡುವಣ ಅಂಚಿನ ಹಾನಗಲ್ಲ ಮಲೆನಾಡಿನ ಸೆರಗು. ಮೂಡಣಕ್ಕೆ, ರಾಣೆಬೆನ್ನೂರಿನ ಕಡೆಗೆ ಹೋದಂತೆ ಎರೆಭೂಮಿ ಹೆಚ್ಚುತ್ತದೆ. ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಕೆಲವು ಮಳೆಗಾಲ ಕಳೆಯುವುದರೊಳಗೆ ಅಲೆಅಲೆಯಾಗುತ್ತದೆ. ಹೊಲದ ದಾರಿಯಲ್ಲಿ ಮಳೆ ಬಂದ ಮರುದಿನ ಟೈರಿಗೆ ಅಂಟಿದ ಮಣ್ಣು ಕಳಚುವುದಿಲ್ಲ. ಟೈರು ಮತ್ತು ಮಡ್‌ಗಾರ್ಡಿನ ನಡುವೆ ತುಂಬಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ವರದಾ ಮತ್ತು ತುಂಗಭದ್ರಾ ದಂಡೆಯ ಹಳ್ಳಿಗಳಲ್ಲಿ 2019ರ ಆಗಸ್ಟಿನಂಥ ನೆರೆ ಬಂದರೆ ರಸ್ತೆಯೇ ಕಾಣುವುದಿಲ್ಲ. ರೈಲು ಹಳಿಯ ಕೆಳಗಿನ ಅಂಡರ್‌ಪಾಸುಗಳಲ್ಲಿ ನೀರು ನಿಲ್ಲಲು ಅಷ್ಟು ದೊಡ್ಡ ಮಳೆಯೂ ಬೇಕಿಲ್ಲ.

ಇನ್ನೊಂದು ಕಡೆ ಇದೇ ಜಿಲ್ಲೆಯ ನಡುವೆ ಪುಣೆ–ಬೆಂಗಳೂರು ಹೆದ್ದಾರಿ ಹಾದುಹೋಗುತ್ತದೆ. ಹಿಂದೆ ಅದು 4ನೇ ಸಂಖ್ಯೆಯದು, ಈಗ 48ನೆಯದು. ಹಾವೇರಿ ಮತ್ತು ರಾಣೆಬೆನ್ನೂರು ಅದರ ಮೇಲೆಯೇ ಇವೆ. ಬ್ಯಾಡಗಿಗೆ ಹೋಗುವವರು ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ತಿರುಗುತ್ತಾರೆ. ಅಂದರೆ ಇಲ್ಲಿನ ಎಸ್‌ಯುವಿಯ ಬದುಕಿನ ದೊಡ್ಡ ಪಾಲು ನುಣುಪಾದ ಹೆದ್ದಾರಿಯ ವೇಗದಲ್ಲಿ ಕಳೆಯುತ್ತದೆ, ಕೆಸರಿನಲ್ಲಿ ಕಳೆಯುವುದು ವರ್ಷದ ಕೆಲವೇ ದಿನ. ಲಿಫ್ಟ್ ಹಾಕಿಸುವಾಗ ಯಾರೂ ಈ ಲೆಕ್ಕ ಹಾಕುವುದಿಲ್ಲ. ಕೆಸರಿಗೆಂದು ಮಾಡಿಸಿದ ಕೆಲಸದ ಸವೆತ ನಡೆಯುವುದು ಹೆದ್ದಾರಿಯಲ್ಲಿ, ತಾಸಿಗೆ 90–100 ಕಿ.ಮೀ. ವೇಗದಲ್ಲಿ.

ಹೊರೆಯ ಮಾತೂ ಇದೆ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಮಾರುಕಟ್ಟೆಗೆ ಸುತ್ತಲಿನ ಜಿಲ್ಲೆಗಳಿಂದಷ್ಟೇ ಅಲ್ಲದೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದಲೂ ಮಾಲು ಬರುತ್ತದೆ. ಸೋಮವಾರ ಮತ್ತು ಗುರುವಾರ ಮಾರುಕಟ್ಟೆಯ ದಿನ. ಸುಗ್ಗಿಯ ತಿಂಗಳುಗಳಲ್ಲಿ ಆ ದಿನಗಳಂದು ಲಾರಿ, ಪಿಕಪ್, ಟ್ರ್ಯಾಕ್ಟರುಗಳು ಊರನ್ನು ತುಂಬುತ್ತವೆ. ಒಣಮೆಣಸಿನಕಾಯಿ ತೂಕಕ್ಕಿಂತ ಗಾತ್ರದಲ್ಲಿ ದೊಡ್ಡದು. ಚೀಲಗಳು ಕ್ಯಾಬಿನ್ನಿನ ನೆತ್ತಿಗಿಂತ ಎಷ್ಟೋ ಮೇಲೆ ಏರುತ್ತವೆ. ಪಿಕಪ್‌ಗೆ ಹೆಚ್ಚುವರಿ ಪಾಟಾ ಹಾಕಿಸುವ ರೂಢಿ ಹುಟ್ಟಿದ್ದು ಇಂಥ ಹೊರೆಯಿಂದ. ಶೋಕಿಗೆ ಥಾರ್ ಎತ್ತಿಸುವವನೂ ಹೊರೆಗೆ ಪಿಕಪ್ ಎತ್ತಿಸುವವನೂ ತಾವು ಬೇರೆ ಬೇರೆ ಕೆಲಸ ಮಾಡಿಸುತ್ತಿದ್ದೇವೆ ಎಂದುಕೊಂಡಿರುತ್ತಾರೆ. ಯಂತ್ರದ ಮಟ್ಟಿಗೆ ಅದು ಒಂದೇ ಕೆಲಸ.

ಏರುವುದು ಯಾವುದು

ನೆಲದಿಂದ ಗಾಡಿಯ ಅತಿ ತಗ್ಗಿನ ಭಾಗಕ್ಕಿರುವ ಅಂತರಕ್ಕೆ ಗ್ರೌಂಡ್ ಕ್ಲಿಯರೆನ್ಸ್ ಎನ್ನುತ್ತಾರೆ. ಭಾರತದಲ್ಲಿ ಈ ಅಂತರಕ್ಕೆ ತೆರಿಗೆಯ ತೂಕವೂ ಇದೆ. ಯಾವ ಗಾಡಿಯನ್ನು ಎಸ್‌ಯುವಿ ಎಂದು ಪರಿಗಣಿಸಿ ಹೆಚ್ಚಿನ ತೆರಿಗೆ ಹಾಕಬೇಕು ಎನ್ನುವುದಕ್ಕೆ 170 ಮಿ.ಮೀ. ಒಂದು ಗಡಿ. ಹೊರೆ ಇಲ್ಲದ ಸ್ಥಿತಿಯಲ್ಲಿ ಅದನ್ನು ಅಳೆಯಬೇಕು ಎಂದು ಜಿಎಸ್‌ಟಿ ಮಂಡಳಿ 2023ರ ಜುಲೈಯಲ್ಲಿ ಸ್ಪಷ್ಟಪಡಿಸಿತು. 2020ರ ಅಕ್ಟೋಬರಿನಲ್ಲಿ ಬಂದ ಎರಡನೇ ತಲೆಮಾರಿನ ಥಾರ್‌ಗೆ 226 ಮಿ.ಮೀ. ಇದೆ, 2023ರ ಜಿಮ್ನಿಗೆ 210. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿಗೆ ಇದ್ದದ್ದೂ ಸುಮಾರು 220. ಎಂಟು ದಶಕದಲ್ಲಿ ಈ ಅಂಕಿ ಹೆಚ್ಚೇನೂ ಬದಲಾಗಿಲ್ಲ, ಏಕೆಂದರೆ ಅದಕ್ಕಿಂತ ಮೇಲಿನ ಎತ್ತರ ಬಹುಪಾಲು ದಾರಿಗಳಿಗೆ ಬೇಕಾಗುವುದೇ ಇಲ್ಲ.

ಲಿಫ್ಟ್ ಹಾಕಿಸಿದವರಿಗೆ ತಡವಾಗಿ ಹೊಳೆಯುವ ಸಂಗತಿಯೊಂದಿದೆ. ಹಿಂದೆ ಇಡಿಯ ಆ್ಯಕ್ಸಲ್ ಇರುವ ಗಾಡಿಗಳಲ್ಲಿ ಅತಿ ತಗ್ಗಿನ ಭಾಗವೆಂದರೆ ಡಿಫರೆನ್ಷಿಯಲ್ಲಿನ ಹೌಸಿಂಗ್. ಅದು ಚಕ್ರಗಳ ನಡುವೆ ಕೂತಿರುವುದರಿಂದ ಸ್ಪ್ರಿಂಗ್ ಎಷ್ಟೇ ಉದ್ದವಾದರೂ ಕೂದಲೆಳೆಯಷ್ಟೂ ಮೇಲೇಳದು. ಏರುವುದು ಚಾಸಿ, ಬಾಡಿ, ಬಂಪರು. ಗಾಡಿಯ ಮೂತಿ ದಿಬ್ಬಕ್ಕೆ ತಾಗದಿರುವುದಕ್ಕೆ, ನಡುಹೊಟ್ಟೆ ಬದುವಿಗೆ ಉಜ್ಜದಿರುವುದಕ್ಕೆ ಲಿಫ್ಟ್ ನೆರವಾಗುತ್ತದೆ. ಚಕ್ಕಡಿಯ ಜಾಡಿನ ನಡುದಿಣ್ಣೆಗೆ ಹೌಸಿಂಗ್ ಬಡಿಯುವುದನ್ನು ಅದು ತಪ್ಪಿಸಲಾರದು. ಹೌಸಿಂಗ್ ಏರಬೇಕಾದರೆ ಟೈರು ದೊಡ್ಡದಾಗಬೇಕು. 255/65 ಆರ್ 18 ಅಳತೆಯ ಟೈರಿನ ವ್ಯಾಸ ಸುಮಾರು 789 ಮಿ.ಮೀ., 265/70 ಆರ್ 18ರದ್ದು ಸುಮಾರು 828. ಈ ವ್ಯತ್ಯಾಸದ ಅರ್ಧ, ಅಂದರೆ ಸುಮಾರು 20 ಮಿ.ಮೀ. ಮಾತ್ರ ಆ್ಯಕ್ಸಲ್ ಮೇಲೇರುತ್ತದೆ. ಎರೆಸೀಮೆಯ ಹಳೆಯ ಬಡಿಗರು ಚಕ್ಕಡಿಗೆ ಎದೆಮಟ್ಟದ ಗಾಲಿ ಕೂರಿಸುತ್ತಿದ್ದುದು ಈ ತಿಳಿವಳಿಕೆಯಿಂದಲೇ ಇರಬೇಕು. ಅವರಿಗೆ ಸ್ಪ್ರಿಂಗಿನ ಗೊಡವೆ ಇರಲಿಲ್ಲ.

ರಸ್ತೆ ಉಬ್ಬುಗಳ ಕಾರಣ ಹೇಳಿ ಎತ್ತಿಸುವವರೂ ಇದ್ದಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಆ ಅಳತೆಯ ಹಂಪ್ ದಾಟಲು ಯಾವ ಎಸ್‌ಯುವಿಗೂ ಲಿಫ್ಟ್ ಬೇಡ. ಊರವರು ರಾತ್ರೋರಾತ್ರಿ ಗರಸು ಸುರಿದು ಕಟ್ಟಿದ ಹಂಪಿನ ಮಾತು ಬೇರೆ, ಆದರೂ ಅಲ್ಲಿ ವೇಗ ಇಳಿಸಿದರೆ ಸಾಕು.

ಪಾಟಾದ ಗಾಡಿಗಳು

ಬೊಲೆರೊದ ಹಿಂಭಾಗ, ಪಿಕಪ್‌ಗಳು, ಹಳೆಯ ಜೀಪು, ಜಿಪ್ಸಿ, ಮೊದಲ ತಲೆಮಾರಿನ ಥಾರ್‌ನ ಹಿಂಭಾಗ ಇವೆಲ್ಲ ಪಾಟಾ ಮೇಲೆ ನಿಂತವು. ಇವುಗಳನ್ನು ಎತ್ತರಿಸುವ ದಾರಿ ನಾಲ್ಕು: ಒಂದೆರಡು ಪಾಟಾ ಹೆಚ್ಚಿಸುವುದು, ಸಪಾಟಾದ ಪಾಟಾಗಳನ್ನು ಬಡಿದು ಮತ್ತೆ ಕಮಾನು ಕೊಡುವುದು, ಪಾಟಾದ ತುದಿಯನ್ನು ಚಾಸಿಗೆ ತೂಗುಹಾಕುವ ಶ್ಯಾಕಲ್ ಉದ್ದ ಮಾಡುವುದು, ಆ್ಯಕ್ಸಲ್ಲಿಗೂ ಪಾಟಾಕ್ಕೂ ನಡುವೆ ದಿಮ್ಮಿ ಇಡುವುದು.

ಪಾಟಾದ ಬಿಗುವು ಅದರ ಸಂಖ್ಯೆಗೆ ಸರಿಯಾಗಿ ಹೆಚ್ಚುತ್ತದೆ. ಒಂದೇ ದಪ್ಪದ ಐದು ಪಾಟಾಗಳಿಗೆ ಆರನೆಯದು ಸೇರಿದರೆ ಐದನೇ ಒಂದು ಪಾಲು, ಅಂದರೆ ನೂರಕ್ಕೆ ಇಪ್ಪತ್ತು. ಆದರೆ ದಪ್ಪ ಬದಲಾದರೆ ಲೆಕ್ಕವೇ ಬೇರೆ. ದಪ್ಪದ ಘನಕ್ಕೆ ಬಿಗುವು ಹೊಂದಿಕೊಂಡಿರುವುದರಿಂದ 6 ಮಿ.ಮೀ. ಪಾಟಾದ ಜಾಗಕ್ಕೆ 8 ಮಿ.ಮೀ. ಪಾಟಾ ಹಾಕಿದರೆ ಆ ಒಂದರ ಬಿಗುವು ಎರಡು ಪಟ್ಟಿಗೂ ಮೀರುತ್ತದೆ. ಲಾರಿಯ ಹಳೆಯ ಪಾಟಾ ಕತ್ತರಿಸಿ ಪಿಕಪ್‌ಗೆ ಸೇರಿಸಿದಾಗ ಹೀಗೇ ಆಗುತ್ತದೆ. ತುಂಬಿದ ಗಾಡಿ ಚಂದ ನಿಲ್ಲುತ್ತದೆ, ಖಾಲಿ ಗಾಡಿ ಪ್ರತಿ ಗುಂಡಿಗೂ ನೆಗೆಯುತ್ತದೆ. ಪಾಟಾ ನುಂಗಬೇಕಾದ ಏಟು ಚಾಸಿಯ ಬ್ರಾಕೆಟ್‌ಗೆ, ಶ್ಯಾಕಲ್ ಪಿನ್ನಿಗೆ, ಬುಶ್‌ಗೆ ಹೋಗುತ್ತದೆ. ಬ್ರಾಕೆಟ್ ರಿವೆಟ್ ಸುತ್ತ ಎಳೆಬಿರುಕು ಕಂಡರೆ ಅದನ್ನು ಬರೀ ವೆಲ್ಡಿಂಗಿನಿಂದ ಮುಚ್ಚುವುದು ಇಲ್ಲಿನ ಗ್ಯಾರೇಜುಗಳ ಕೆಟ್ಟ ರೂಢಿ. ಕಾರಣ ಉಳಿದಿರುವವರೆಗೆ ಬಿರುಕು ಪಕ್ಕದಲ್ಲೇ ಮತ್ತೆ ಹುಟ್ಟುತ್ತದೆ.

ಬಡಿದು ಕಮಾನು ಕೊಡುವ ಪದ್ಧತಿ ಅಗ್ಗದ್ದು, ಹೆದ್ದಾರಿ ಬದಿಯ ಪಾಟಾ ಕೆಲಸದವರಿಗೆ ಕರಗತ. ಸ್ಪ್ರಿಂಗ್ ಉಕ್ಕಿಗೆ ಗುಣ ಬರುವುದು ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದ ಕಾಯಿಸುವುದರಿಂದ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಾಗಿಸಿ ಹಾಗೇ ತಣ್ಣಗಾಗಲು ಬಿಟ್ಟರೆ ಉಕ್ಕು ಮೆತ್ತಗಾಗಿ ಕೆಲವೇ ತಿಂಗಳಲ್ಲಿ ಮತ್ತೆ ಸಪಾಟು ಬೀಳುತ್ತದೆ. ತಣ್ಣಗಿರುವಾಗ ಬಡಿದರೆ ಸುತ್ತಿಗೆಯ ಪ್ರತಿ ಗುರುತೂ ಬಿರುಕಿಗೆ ಬೀಜ. ಮುಖ್ಯ ಪಾಟಾ ದಾರಿಯಲ್ಲಿ ಕಟ್ ಆದರೆ ಆ್ಯಕ್ಸಲ್ ಒಂದು ಕಡೆ ಹಿಂದೆ ಸರಿಯುತ್ತದೆ, ಗಾಡಿ ಒಂದು ಬದಿಗೆ ಎಳೆಯುತ್ತದೆ.

ಉದ್ದದ ಶ್ಯಾಕಲ್ ಕೊಡುವ ಎತ್ತರ ಅದರ ಹೆಚ್ಚುವರಿ ಉದ್ದದ ಅರ್ಧದಷ್ಟೇ: 50 ಮಿ.ಮೀ. ಹೆಚ್ಚಿಸಿದರೆ ಸುಮಾರು 25 ಸಿಗುತ್ತದೆ. ಜೊತೆಗೆ ಆ್ಯಕ್ಸಲ್ ತುಸು ತಿರುಚಿಕೊಂಡು ಹೌಸಿಂಗಿನ ಮೂತಿ ಬೇರೆ ಕಡೆ ನೋಡುತ್ತದೆ. ದಿಮ್ಮಿ ಇಟ್ಟವರಿಗೆ ಪಾಟಾವನ್ನು ಆ್ಯಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಉದ್ದದ್ದು ಬೇಕು. ಉದ್ದ ಬೋಲ್ಟ್ ಹೆಚ್ಚು ಹಿಗ್ಗುತ್ತದೆ. ಹೊಸದಾಗಿ ಹಾಕಿದ ಮೇಲೆ 500–1000 ಕಿ.ಮೀ. ಓಡಿಸಿ ಮತ್ತೆ ಬಿಗಿ ಮಾಡದಿದ್ದರೆ ಪಾಟಾ ಕಟ್ಟು ಸಡಿಲಾಗಿ ಸೆಂಟರ್ ಬೋಲ್ಟ್ ಕತ್ತರಿಸಿಹೋಗುತ್ತದೆ. ಮುಂದಿನ ಆ್ಯಕ್ಸಲ್ಲಿಗೆ ದಿಮ್ಮಿ ಇಡುವುದಂತೂ ಅಪಾಯ: ಬ್ರೇಕ್ ಒತ್ತಿದಾಗ ಬರುವ ತಿರುಚು ನೇರ ದಿಮ್ಮಿಯ ಮೇಲೆ ಬೀಳುತ್ತದೆ, ಅದು ಜಾರಿದರೆ ಸ್ಟೀರಿಂಗ್ ಕೈಯಲ್ಲಿ ಉಳಿಯುವುದಿಲ್ಲ.

ಇನ್ನು ಹಿಂದಕ್ಕೆ ಹೋಗುವ ಶಾಫ್ಟ್. ಗಾಡಿ ಏರಿದಷ್ಟೂ ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಹೆಚ್ಚು ಓರೆಯಾಗುತ್ತದೆ. ಅದರ ಎರಡೂ ತುದಿಯ ಕ್ರಾಸ್ ಬೇರಿಂಗುಗಳು ಓರೆಯಾಗಿ ತಿರುಗುವಾಗ ವೇಗ ಏಕಸಮವಾಗಿರುವುದಿಲ್ಲ. 10 ಡಿಗ್ರಿ ಓರೆಯಲ್ಲಿ ಪ್ರತಿ ಸುತ್ತಿಗೆ ಎರಡು ಬಾರಿ ವೇಗ ನೂರಕ್ಕೆ ಒಂದೂವರೆಯಷ್ಟು ಹೆಚ್ಚಿ, ಅಷ್ಟೇ ತಗ್ಗುತ್ತದೆ. ಎರಡು ತುದಿಯ ಕೋನ ಒಂದೇ ಆಗಿದ್ದರೆ ಈ ಏರಿಳಿತ ಒಂದನ್ನೊಂದು ಹೊಡೆದುಹಾಕುತ್ತದೆ. ಶ್ಯಾಕಲ್ ಇಲ್ಲವೇ ದಿಮ್ಮಿಯಿಂದ ಹೌಸಿಂಗಿನ ಮೂತಿ ತಿರುಗಿದಾಗ ಆ ಹೊಂದಾಣಿಕೆ ಕೆಡುತ್ತದೆ. ತಾಸಿಗೆ 70–80 ಕಿ.ಮೀ. ವೇಗದಲ್ಲಿ ನೆಲದಡಿಯಿಂದ ಬರುವ ಗುಂಯ್‌ಗುಟ್ಟುವ ನಡುಕದ ಮೂಲ ಬಹುಮಟ್ಟಿಗೆ ಇದೇ. ಮಾಲೀಕ ಮೊದಲು ಚಕ್ರದ ಬ್ಯಾಲೆನ್ಸಿಂಗ್ ಮಾಡಿಸುತ್ತಾನೆ, ಆಮೇಲೆ ಟೈರು ಬದಲಿಸುತ್ತಾನೆ, ಕೊನೆಗೆ ಕ್ರಾಸ್ ಬೇರಿಂಗ್ ಸೂಜಿಗಳು ಪುಡಿಯಾದ ಮೇಲೆ ಕಾರಣ ತಿಳಿಯುತ್ತದೆ. ಪಾಟಾದ ಕೆಳಗೆ ಓರೆ ಶಿಮ್ ಇಟ್ಟು ಮೂತಿಯನ್ನು ಮರಳಿ ಹೊಂದಿಸುವುದು ಇದರ ಸರಿಯಾದ ಮದ್ದು.

ಮುಂದಿನ ಚಕ್ರದ ಕೋನಗಳು

ಸ್ಕಾರ್ಪಿಯೊ, ಫಾರ್ಚುನರ್, ಹೊಸ ಥಾರ್‌ಗಳ ಮುಂದೆ ಇಡಿಯ ಆ್ಯಕ್ಸಲ್ ಇಲ್ಲ. ಎರಡು ಚಕ್ರವೂ ಮೇಲೊಂದು ಕೆಳಗೊಂದು ತೋಳಿಗೆ ತೂಗಿಕೊಂಡಿರುವ ಡಬಲ್ ವಿಷ್‌ಬೋನ್ ಏರ್ಪಾಟು ಅವುಗಳದು. ಸವೆತದ ಅಧ್ಯಾಯ ದೊಡ್ಡದಾಗುವುದು ಇಲ್ಲಿಯೇ.

ಇಲ್ಲಿ ಅತಿ ಅಗ್ಗದ ಉಪಾಯ ಸ್ಪೇಸರ್, ಸ್ಪ್ರಿಂಗ್ ಕಟ್ಟಿನ ನೆತ್ತಿಯ ಮೇಲೆ ಕೂರಿಸುವ ಅಲ್ಯುಮಿನಿಯಂ ಅಥವಾ ಪಾಲಿಯುರಿಥೇನ್ ಬಿಲ್ಲೆ. ಸ್ಪ್ರಿಂಗ್ ಕೆಳತೋಳಿನ ನಡುಮಧ್ಯದಲ್ಲಿ ಎಲ್ಲೋ ನಿಂತಿರುವುದರಿಂದ 25 ಮಿ.ಮೀ. ಬಿಲ್ಲೆ ಚಕ್ರದ ಬಳಿ 40–50 ಮಿ.ಮೀ. ಎತ್ತರ ಕೊಡುತ್ತದೆ. ಗಿರಾಕಿಗೆ ಇದು ಲಾಭದಂತೆ ಕಾಣುತ್ತದೆ. ಆದರೆ ಚಕ್ರ ನೇತುಬಿದ್ದಾಗ ತೋಳು ಕಾರ್ಖಾನೆ ನಿಗದಿಪಡಿಸಿದ ಮಿತಿಗಿಂತ ಅಷ್ಟೇ ಹೆಚ್ಚು ಕೆಳಗೆ ಇಳಿಯುತ್ತದೆ. ಮೇಲ್ತೋಳಿನ ಬಾಲ್ ಜಾಯಿಂಟ್ ತನ್ನ ಬಟ್ಟಲಿನ ಅಂಚಿಗೆ ಒತ್ತಿಕೊಳ್ಳುತ್ತದೆ. ಹಂಪ್ ದಾಟಿ ಚಕ್ರ ಗಾಳಿಯಲ್ಲಿ ನೇತಾಡಿದಾಗಲೆಲ್ಲ ಆ ಅಂಚು ತಿಂದುಹೋಗುತ್ತದೆ, ಮೇಲಿನ ರಬ್ಬರ್ ಟೊಪ್ಪಿಗೆ ಹರಿಯುತ್ತದೆ, ಒಳಕ್ಕೆ ದೂಳು ಸೇರುತ್ತದೆ.

ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು, ಅಂದರೆ ಟಾರ್ಷನ್ ಬಾರ್ ಇದ್ದ ಗಾಡಿಗಳಲ್ಲಿ, ಉದಾಹರಣೆಗೆ 2010ರಲ್ಲಿ ಬಂದ ಮೊದಲ ಥಾರ್‌ನ ಸಿಆರ್‌ಡಿಇ ಮಾದರಿಯಲ್ಲಿ, ಬಿಲ್ಲೆಯೂ ಬೇಕಿಲ್ಲ. ಹೊಂದಿಸುವ ಬೋಲ್ಟನ್ನು ನಾಲ್ಕು ಸುತ್ತು ತಿರುಗಿಸಿದರೆ ಮೂತಿ ಮೇಲೇಳುತ್ತದೆ, ಖರ್ಚು ಬರೀ ಸ್ಪ್ಯಾನರಿನದು. ‘ಬಾರ್ ಟೈಟ್ ಮಾಡಿದರೆ ಸಸ್ಪೆನ್ಷನ್ ಗಟ್ಟಿಯಾಗುತ್ತದೆ’ ಎನ್ನುವುದು ಗ್ಯಾರೇಜಿನ ನಂಬಿಕೆ. ನಿಜವಾಗಿ ಬಾರಿನ ಬಿಗುವು ಬದಲಾಗುವುದಿಲ್ಲ. ಚಕ್ರ ಕೆಳಕ್ಕೆ ಇಳಿಯಲು ಉಳಿದ ಜಾಗ ಕಡಿಮೆಯಾಗಿರುತ್ತದೆ, ಅಷ್ಟೆ. ಸಣ್ಣ ಗುಂಡಿಯಲ್ಲೂ ತೋಳು ತನ್ನ ಕೊನೆಗೆ ಬಡಿಯುವುದರಿಂದ ಗಡಸು ಅನಿಸುತ್ತದೆ.

ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಇದರ ಜೊತೆಗೆ ಡಿಫರೆನ್ಷಿಯಲ್ಲಿನಿಂದ ಮುಂಚಕ್ರಗಳಿಗೆ ಹೋಗುವ ಹಾಫ್ ಶಾಫ್ಟುಗಳಿವೆ. 400 ಮಿ.ಮೀ. ಉದ್ದದ ಹಾಫ್ ಶಾಫ್ಟ್ ಇದೆ ಎಂದಿಟ್ಟುಕೊಂಡರೆ 50 ಮಿ.ಮೀ. ಎತ್ತರ ಅದಕ್ಕೆ 7 ಡಿಗ್ರಿ ಓರೆ ಸೇರಿಸುತ್ತದೆ. ಶಾಫ್ಟಿನ ತುದಿಯ ಸಿವಿ ಜಾಯಿಂಟ್ ಈ ಓರೆಯಲ್ಲಿ ತಿರುಗಬಲ್ಲದು, ಆದರೆ ಬಿಡುವಿಲ್ಲದೆ ತಿರುಗುವುದಕ್ಕೆ ಅದನ್ನು ಮಾಡಿಲ್ಲ. ಮೊದಲು ಸೋಲುವುದು ಅದರ ರಬ್ಬರ್ ಬೂಟು. ಮಡಿಕೆಗಳು ಒಂದಕ್ಕೊಂದು ಉಜ್ಜಿ ಸೀಳುತ್ತವೆ, ತಿರುಗುವ ರಭಸಕ್ಕೆ ಗ್ರೀಸು ಚಕ್ರದ ಒಳಮೈಗೆಲ್ಲ ಸಿಡಿಯುತ್ತದೆ, ಗರಸು ರಸ್ತೆಯ ದೂಳು ಒಳಗೆ ಹೋಗಿ ಅರೆಯುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಸದ್ದು ಬಂತೆಂದರೆ ಬೂಟು ಬದಲಿಸುವ ಹೊತ್ತು ಮೀರಿದೆ, ಜಾಯಿಂಟನ್ನೇ ಬದಲಿಸಬೇಕು. ಬೂಟಿನ ಬೆಲೆಗೂ ಜಾಯಿಂಟಿನ ಬೆಲೆಗೂ ಅಜಗಜಾಂತರ. ತಿಂಗಳಿಗೊಮ್ಮೆ ಚಕ್ರದ ಹಿಂದೆ ಬಗ್ಗಿ ನೋಡುವುದು ಈ ಖರ್ಚನ್ನು ಉಳಿಸುವ ಸುಲಭ ದಾರಿ. ಮುಂದಿನ ಡಿಫರೆನ್ಷಿಯಲ್ಲನ್ನೇ ಬಿಲ್ಲೆ ಕೊಟ್ಟು ಕೆಳಗಿಳಿಸಿ ಶಾಫ್ಟಿನ ಓರೆ ತಗ್ಗಿಸುವ ಕಿಟ್‌ಗಳೂ ಇವೆ. ಎತ್ತರಿಸಿದ್ದರಲ್ಲಿ ಸ್ವಲ್ಪವನ್ನು ಮತ್ತೆ ಇಳಿಸಿದಂತೆ ಅದು.

ಜಿಮ್ನಿಯ ಕಥೆ ಬೇರೆ. ಅದಕ್ಕೆ ಮುಂದೆಯೂ ಇಡಿಯ ಆ್ಯಕ್ಸಲ್, ಕಾಯಿಲ್ ಸ್ಪ್ರಿಂಗ್. ಆ್ಯಕ್ಸಲ್ಲನ್ನು ಅಡ್ಡಕ್ಕೆ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡ್ ಒಂದು ತುದಿಯಲ್ಲಿ ಚಾಸಿಗೆ, ಇನ್ನೊಂದು ತುದಿಯಲ್ಲಿ ಆ್ಯಕ್ಸಲ್ಲಿಗೆ ಕಟ್ಟಿಕೊಂಡಿದೆ. ಗಾಡಿ ಏರಿದರೆ ಅದು ಓರೆಯಾಗಿ ಆ್ಯಕ್ಸಲ್ಲನ್ನು ಒಂದು ಬದಿಗೆ ಎಳೆಯುತ್ತದೆ, ಒಂದು ಕಡೆಯ ಚಕ್ರ ಬಾಡಿಯಿಂದ ಹೊರಗೆ, ಇನ್ನೊಂದು ಒಳಗೆ. ಉದ್ದ ಹೊಂದಿಸಬಹುದಾದ ರಾಡ್ ಹಾಕದೆ ಇದು ಸರಿಹೋಗುವುದಿಲ್ಲ. ಉದ್ದಕ್ಕೆ ಹಿಡಿದ ತೋಳುಗಳೂ ತಿರುಗುವುದರಿಂದ ಕ್ಯಾಸ್ಟರ್ ಕೋನ ಕಡಿಮೆಯಾಗುತ್ತದೆ. ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಕುಗ್ಗಿ, ಹೆದ್ದಾರಿಯಲ್ಲಿ ಗಾಡಿ ಅತ್ತಿತ್ತ ಅಲೆದಾಡುತ್ತದೆ. ಕೀಲುಗಳಲ್ಲಿ ಆಟ ಬಂದ ಗಾಡಿಯಾದರೆ ಒಂದು ಗುಂಡಿ ಸಾಕು, ಮುಂಚಕ್ರಗಳೆರಡೂ ಗಡಗಡ ನಡುಗತೊಡಗುತ್ತವೆ. ಎರೆಮಣ್ಣಿನ ಸೀಮೆಯಲ್ಲಿ ಇದನ್ನು ಪತ್ತೆ ಮಾಡುವಾಗ ಒಂದು ಎಚ್ಚರ ಬೇಕು: ರಿಮ್ಮಿನ ಒಳಮೈಯಲ್ಲಿ ಒಣಗಿ ಕೂತ ಮಣ್ಣಿನ ಹೆಂಟೆಯೂ ಇಂಥದೇ ನಡುಕ ಕೊಡುತ್ತದೆ. ಗ್ಯಾರೇಜಿಗೆ ಹೋಗುವ ಮುನ್ನ ಚಕ್ರದ ಒಳಗಡೆಗೆ ನೀರು ಹೊಡೆದು ನೋಡುವುದು ಒಳ್ಳೆಯದು.

ಬುಶ್, ಶಾಕ್, ಟೈರು

ತೋಳುಗಳ ಬುಡದಲ್ಲಿರುವ ರಬ್ಬರ್ ಬುಶ್‌ಗಳು ಉಕ್ಕಿನ ಕೊಳವೆಗೆ ಬೆಸೆದುಕೊಂಡಿರುತ್ತವೆ. ಅವು ಜಾರುವುದಿಲ್ಲ, ತಿರುಚಿಕೊಂಡು ಮರಳುತ್ತವೆ. ಆದ್ದರಿಂದ ಅವುಗಳ ಬೋಲ್ಟನ್ನು ಗಾಡಿ ತನ್ನ ಕಾಲ ಮೇಲೆ ನಿಂತಾಗಲೇ ಬಿಗಿ ಮಾಡಬೇಕು. ಲಿಫ್ಟ್ ಹಾಕುವಾಗ ಜಾಕ್ ಮೇಲೆ, ಚಕ್ರ ನೇತಾಡುತ್ತಿರುವಾಗ ಬಿಗಿ ಮಾಡಿ ಇಳಿಸಿದರೆ ಬುಶ್ ಸದಾ ತಿರುಚಿದ ಸ್ಥಿತಿಯಲ್ಲೇ ಇರುತ್ತದೆ. ಹಳೆಯ ಬೋಲ್ಟ್ ಸಡಿಲಿಸದೆ ಬರೀ ಸ್ಪ್ರಿಂಗ್ ಬದಲಿಸಿದರೂ ಆಗುವುದು ಅದೇ. ಕೆಲವೇ ತಿಂಗಳಲ್ಲಿ ರಬ್ಬರ್ ಸುತ್ತಲೂ ಸೀಳುತ್ತದೆ. ‘ಕಿಟ್ ಕಂಪನಿಯದು ಚೆನ್ನಾಗಿರಲಿಲ್ಲ’ ಎಂಬ ದೂರುಗಳಲ್ಲಿ ಎಷ್ಟೋ ಈ ಒಂದು ಅಜಾಗ್ರತೆಯಿಂದ ಹುಟ್ಟಿದವು.

ಉದ್ದ ಸ್ಪ್ರಿಂಗ್ ಹಾಕಿ ಹಳೆಯ ಶಾಕ್ ಅಬ್ಸಾರ್ಬರ್ ಉಳಿಸಿಕೊಂಡರೆ ಅದು ನಿಂತಲ್ಲೇ ಅರ್ಧಕ್ಕಿಂತ ಹೆಚ್ಚು ಎಳೆದುಕೊಂಡಿರುತ್ತದೆ. ಪ್ರತಿ ಗುಂಡಿಯ ನಂತರ ಒಳಗಿನ ಪಿಸ್ಟನ್ ತುದಿಗೆ ಬಡಿಯುತ್ತದೆ, ಎಣ್ಣೆ ಸೀಲ್ ಒಡೆಯುತ್ತದೆ. ಸ್ಟೆಬಿಲೈಸರ್ ಲಿಂಕ್‌ಗಳು, ಟೈರಾಡ್ ಎಂಡ್‌ಗಳು ಇದೇ ಸಾಲಿನಲ್ಲಿ ಮುಂದಿನವು.

ಟೈರು ಮಾತ್ರ ಸುಳ್ಳು ಹೇಳುವುದಿಲ್ಲ. ಎತ್ತರಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ಓಡಿಸಿದ ಗಾಡಿಯ ಮುಂದಿನ ಟೈರುಗಳ ಒಂದಂಚು ಬೇಗ ಬೋಳಾಗುತ್ತದೆ. ಕ್ಯಾಂಬರ್ (ಚಕ್ರದ ಒಳ–ಹೊರ ವಾಲು) ಕೆಟ್ಟಿದ್ದರೆ ಅಂಚು ನುಣ್ಣಗೆ ಸವೆಯುತ್ತದೆ. ಟೋ (ಮುಂಚಕ್ರಗಳ ಮೂತಿಯ ಒಳ–ಹೊರ ದಿಕ್ಕು) ಕೆಟ್ಟಿದ್ದರೆ ಕೈಯಾಡಿಸಿದಾಗ ಒಂದು ದಿಕ್ಕಿಗೆ ನಯ, ಇನ್ನೊಂದು ದಿಕ್ಕಿಗೆ ಗರಗಸದ ಅನುಭವ. ಅಲೈನ್‌ಮೆಂಟ್ ಅಂಗಡಿಗಳಲ್ಲಿ ಟೋ ಸುಲಭವಾಗಿ ಸರಿಯಾಗುತ್ತದೆ. ಕ್ಯಾಂಬರ್, ಕ್ಯಾಸ್ಟರ್ ಹೊಂದಿಸಲು ಮೂಲ ತೋಳುಗಳಲ್ಲಿ ಇರುವ ಅವಕಾಶ 50 ಮಿ.ಮೀ. ಲಿಫ್ಟಿಗೆ ಸಾಲದೆ ಹೋಗಬಹುದು. ಆಗ ಮೇಲ್ತೋಳನ್ನೇ ಬದಲಿಸಬೇಕು. ಬಿಲ್ಲೆಯ ಬೆಲೆ ಕೇಳಿ ಶುರು ಮಾಡಿದವನು ಈ ಹಂತಕ್ಕೆ ಬರುವಾಗ ಅದರ ಹತ್ತು ಪಟ್ಟು ತೆತ್ತಿರುತ್ತಾನೆ. ಚಕ್ರ ಹೊರಚಾಚುವ ರಿಮ್ ಅಥವಾ ವೀಲ್ ಸ್ಪೇಸರ್ ಹಾಕಿಸಿದ್ದರೆ ಹಬ್ ಬೇರಿಂಗ್‌ನ ಪಾಲೂ ಸೇರುತ್ತದೆ. ದೊಡ್ಡ ಟೈರಿನಿಂದ ಸ್ಪೀಡೋಮೀಟರ್ ಹಿಂದೆ ಬೀಳುತ್ತದೆ: ಮೇಲೆ ಹೇಳಿದ ಎರಡು ಅಳತೆಗಳ ನಡುವೆ, 80 ತೋರಿಸುವಾಗ ನಿಜವಾದ ವೇಗ 84. ಹೊರಡುವಾಗ, ನಿಲ್ಲಿಸುವಾಗ ಅದೇ ಟೈರು ಕೊಡುವ ಹೆಚ್ಚುವರಿ ಹೊರೆಯಿಂದ ಕ್ಲಚ್ಚು, ಬ್ರೇಕು ಬೇಗ ಸವೆಯುತ್ತವೆ.

ತೂಕ, ಬ್ರೇಕು, ದೀಪ

ಗಾಡಿ ಮಗುಚುವ ಗುಣವನ್ನು ಅಳೆಯಲು ಒಂದು ಸರಳ ಲೆಕ್ಕವಿದೆ: ಎರಡು ಚಕ್ರಗಳ ನಡುವಿನ ಅಡ್ಡ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಅಡ್ಡ ಅಂತರ 1520 ಮಿ.ಮೀ., ಕೇಂದ್ರ 700 ಮಿ.ಮೀ. ಎತ್ತರದಲ್ಲಿದೆ ಎಂದು ಹಿಡಿದರೆ ಉತ್ತರ 1.09. ಕೇಂದ್ರ 50 ಮಿ.ಮೀ. ಏರಿದರೆ 1.01. ಅಂಕಿ ಸಣ್ಣದಾದಷ್ಟೂ ತಿರುವಿನಲ್ಲಿ ಗಾಡಿ ಬೇಗ ಮಗುಚುತ್ತದೆ. ಪಾಟಾ ಹೆಚ್ಚಿಸಿ, ಮೆಣಸಿನಕಾಯಿ ಚೀಲಗಳನ್ನು ಆಳೆತ್ತರಕ್ಕೆ ಒಟ್ಟಿದ ಪಿಕಪ್‌ಗೆ ಈ ಅಂಕಿ ಇನ್ನೂ ಕೆಳಗಿರುತ್ತದೆ. ಮಾಲು ಹಗುರವಲ್ಲವೇ ಎನ್ನುವ ಸಮಾಧಾನ ಇಲ್ಲಿ ನಡೆಯದು, ಹಗುರವಾದರೂ ಅದು ಕೂತಿರುವ ಜಾಗ ಎತ್ತರದ್ದು.

ಹಲವು ಪಿಕಪ್‌ಗಳಲ್ಲಿ ಹಿಂದಿನ ಆ್ಯಕ್ಸಲ್ಲಿಗೂ ಚಾಸಿಗೂ ನಡುವೆ ಒಂದು ಸಣ್ಣ ಕವಾಟ ಇರುತ್ತದೆ. ಹೊರೆ ಬಿದ್ದು ಚಾಸಿ ಕೆಳಗಿಳಿದಂತೆ ಅದು ಹಿಂಚಕ್ರಗಳಿಗೆ ಹೆಚ್ಚು ಬ್ರೇಕ್ ಕೊಡುತ್ತದೆ, ಖಾಲಿ ಇದ್ದಾಗ ಕಡಿಮೆ ಮಾಡುತ್ತದೆ. ಪಾಟಾ ಹೆಚ್ಚಿಸಿದ ಗಾಡಿ ತುಂಬಿದಾಗಲೂ ಕೆಳಗಿಳಿಯುವುದಿಲ್ಲ. ಕವಾಟದ ಕಣ್ಣಿಗೆ ಅದು ಯಾವಾಗಲೂ ಖಾಲಿ ಗಾಡಿ. ಹೊರೆಯೊಂದಿಗೆ ನಿಲ್ಲಿಸುವ ಕೆಲಸವೆಲ್ಲ ಮುಂದಿನ ಬ್ರೇಕಿನ ಮೇಲೆ ಬೀಳುತ್ತದೆ, ಪ್ಯಾಡ್‌ಗಳು ಬೇಗ ಮುಗಿಯುತ್ತವೆ, ನಿಲ್ಲುವ ದೂರ ಹೆಚ್ಚುತ್ತದೆ. ಲಿಫ್ಟ್ ಹಾಕಿದವರು ಈ ಕವಾಟದ ಕಡ್ಡಿಯನ್ನು ಮರುಹೊಂದಿಸಿದ್ದು ಕಾಣುವುದೇ ಅಪರೂಪ. ಬ್ರೇಕ್ ಹೋಸ್, ಎಬಿಎಸ್ ತಂತಿಗಳು ಚಕ್ರ ನೇತಾಡಿದಾಗ ಬಿಗಿಯುತ್ತವೆಯೇ ಎಂದು ನೋಡುವುದೂ ಅದೇ ಪಟ್ಟಿಗೆ ಸೇರಿದ್ದು.

ದೀಪದ ಲೆಕ್ಕ ಇನ್ನೂ ಕುತೂಹಲದ್ದು. ಡಿಪ್ ದೀಪದ ಕಿರಣ ಸಾಮಾನ್ಯವಾಗಿ ನೂರಕ್ಕೆ ಒಂದರಷ್ಟು ಕೆಳಮುಖವಾಗಿರುತ್ತದೆ. ಹಿಂದೆ ಮುಂದೆ ಸಮನಾಗಿ 50 ಮಿ.ಮೀ. ಎತ್ತಿದರೆ ಬೆಳಕು 5 ಮೀಟರ್ ದೂರಕ್ಕೆ ಸರಿಯುತ್ತದೆ, ಅದು ದೊಡ್ಡ ಮಾತಲ್ಲ. ಆದರೆ 2450 ಮಿ.ಮೀ. ವೀಲ್‌ಬೇಸಿನ ಥಾರ್‌ನ ಮುಂಭಾಗವನ್ನಷ್ಟೇ 50 ಮಿ.ಮೀ. ಎತ್ತಿದರೆ ಗಾಡಿ ನೂರಕ್ಕೆ ಎರಡರಷ್ಟು ಮೇಲ್ಮುಖವಾಗುತ್ತದೆ. ಕೆಳಗೆ ನೋಡುತ್ತಿದ್ದ ಕಿರಣ ಈಗ ಆಕಾಶದ ಕಡೆ ತಿರುಗಿ, ಎದುರು ಬರುವ ಚಾಲಕನ ಕಣ್ಣಿಗೆ ಹೊಡೆಯುತ್ತದೆ. ಹೆಡ್‌ಲೈಟ್ ಹಿಂದಿನ ತಿರುಪು ತಿರುಗಿಸಿದರೆ ಸರಿಹೋಗುವ ಕೆಲಸ ಇದು. ಇದನ್ನು ಮಾಡದೆ ಬಿಡುವುದು ಬರೀ ಆಲಸ್ಯ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪುಸ್ತಕದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಈ ಕಲಮನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿತು. ಮಿತಿ ಮೀರಿದ ಹೊರೆಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ ಒಂದಕ್ಕೆ 2,000. ಪಾಟಾ ಹೆಚ್ಚಿಸಿದ ಮಾತ್ರಕ್ಕೆ ಗಾಡಿಯ ಪರವಾನಗಿ ತೂಕ ಹೆಚ್ಚುವುದಿಲ್ಲ ಎನ್ನುವುದನ್ನು ಪಿಕಪ್ ಮಾಲೀಕರು ಮರೆಯುತ್ತಾರೆ. ಕೆಎ 27ರ ಹಾವೇರಿಯಲ್ಲಾಗಲಿ ಕೆಎ 68ರ ರಾಣೆಬೆನ್ನೂರಿನಲ್ಲಾಗಲಿ, ಸಾಗಣೆ ವಾಹನ ಫಿಟ್‌ನೆಸ್ ಪ್ರಮಾಣಪತ್ರಕ್ಕೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಬರಲೇಬೇಕು. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಅಪಘಾತದ ನಂತರ ಪರಿಹಾರಕ್ಕೆ ಅಡ್ಡ ಬರಬಹುದು. ತಯಾರಕರ ವಾರಂಟಿ ಸಸ್ಪೆನ್ಷನ್ ಮತ್ತು ಡ್ರೈವ್ ಶಾಫ್ಟಿನ ಮಟ್ಟಿಗೆ ಅಲ್ಲಿಗೆ ಮುಗಿದಂತೆ.

ಬಿಚ್ಚಿದ ಮೇಲೆ

ಮಾರುವ ಮುನ್ನ, ಇಲ್ಲವೇ ಫಿಟ್‌ನೆಸ್ ಪರೀಕ್ಷೆಗೆ ಮುನ್ನ ಕಿಟ್ ಬಿಚ್ಚಿ ಮೂಲ ಸ್ಪ್ರಿಂಗ್ ಹಾಕುವುದು ಸಾಮಾನ್ಯ. ಎತ್ತರ ಹಳೆಯದಕ್ಕೆ ಬರುತ್ತದೆ, ಕೀಲುಗಳು ಬರುವುದಿಲ್ಲ. ಎತ್ತರದ ಕೋನದಲ್ಲಿ ಒಂದೆರಡು ವರ್ಷ ತಿರುಗಿದ ಬಾಲ್ ಜಾಯಿಂಟ್ ಒಂದು ಬದಿಯಲ್ಲಿ ಸವೆದಿರುತ್ತದೆ. ಈಗ ಹಳೆಯ ಕೋನಕ್ಕೆ ಮರಳಿ ಸವೆಯದ ಜಾಗಕ್ಕೂ ಸವೆದ ಜಾಗಕ್ಕೂ ನಡುವೆ ಓಡಾಡುತ್ತದೆ, ಸ್ಟೀರಿಂಗಿನಲ್ಲಿ ಹೊಸ ಆಟ ಕಾಣಿಸುತ್ತದೆ. ಹೊಸ ಎತ್ತರಕ್ಕೆ ಬಿಗಿ ಮಾಡಿದ ಬುಶ್‌ಗಳನ್ನು ಸಡಿಲಿಸಿ ಮತ್ತೆ ಬಿಗಿಯದಿದ್ದರೆ ಈ ಬಾರಿ ವಿರುದ್ಧ ದಿಕ್ಕಿಗೆ ತಿರುಚಿಕೊಳ್ಳುತ್ತವೆ.

ಹಳೆಯ ಗಾಡಿ ಕೊಳ್ಳುವವನು ಬಾನೆಟ್ ತೆರೆಯುವುದಕ್ಕಿಂತ ಮೊದಲು ಕೆಳಗೆ ಇಣುಕಬೇಕು. ಪಾಟಾ ಕಟ್ಟಿನಲ್ಲಿ ಒಂದರ ಬಣ್ಣ, ದಪ್ಪ ಬೇರೆ ಇದೆಯೇ. ಯು ಬೋಲ್ಟ್‌ನ ಮರೆ (ಥ್ರೆಡ್) ನಟ್‌ನಿಂದ ಎರಡು ಬೆರಳು ಆಚೆ ಚಾಚಿದೆಯೇ. ಸ್ಪ್ರಿಂಗ್ ನೆತ್ತಿಯ ಬೋಲ್ಟ್‌ಗಳಲ್ಲಿ ಸ್ಪ್ಯಾನರಿನ ಹೊಸ ಗೀರುಗಳಿವೆಯೇ. ಹಾಫ್ ಶಾಫ್ಟಿನ ಬೂಟುಗಳಲ್ಲಿ ಒಂದು ಮಾತ್ರ ಹೊಸದೇ. ಮುಂದಿನ ಎರಡು ಟೈರುಗಳು ಹಿಂದಿನವಕ್ಕಿಂತ ಈಚಿನ ತಾರೀಕಿನವೇ. ಟೈರಿನ ಬದಿಯಲ್ಲಿ ಅಚ್ಚಾದ ನಾಲ್ಕಂಕಿಯಲ್ಲಿ ಮೊದಲ ಎರಡು ವಾರವನ್ನು, ಕೊನೆಯ ಎರಡು ವರ್ಷವನ್ನು ಹೇಳುತ್ತವೆ. ಮೂರು ವರ್ಷದ ಗಾಡಿಯಲ್ಲಿ ಮುಂದಿನ ಟೈರುಗಳು ಮಾತ್ರ ಆರು ತಿಂಗಳ ಹಿಂದಿನವಾದರೆ ಅವು ಯಾಕೆ ಬದಲಾದವು ಎಂದು ಮಾರುವವನನ್ನು ಕೇಳಿ, ಆಮೇಲೆ ಬೆಲೆಯ ಮಾತಿಗೆ ಬರಬೇಕು.